ಇಂಗಾಲ ಸೆರೆ: ಸಾಧ್ಯತೆ ಎಷ್ಟು, ಮಿತಿ ಎಲ್ಲಿ?

ಕಾರ್ಖಾನೆಯ ಚಿಮಣಿಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಗಾಳಿಗೆ ಸೇರುವ ಮೊದಲೇ ಹಿಡಿದು, ಭೂಮಿಯ ಆಳದಲ್ಲಿ ಶಾಶ್ವತವಾಗಿ ಹುದುಗಿಸಿಡುವ ತಂತ್ರಜ್ಞಾನವೇ ಕಾರ್ಬನ್ ಕ್ಯಾಪ್ಚರ್ ಅಥವಾ ಇಂಗಾಲ ಸೆರೆ. ಹವಾಮಾನ ಬದಲಾವಣೆಯ ಚರ್ಚೆಗಳಲ್ಲಿ ಪದೇ ಪದೇ ಕೇಳಿಬರುವ ಈ ವಿಧಾನ ಹೊಸದೇನಲ್ಲ. ನಾರ್ವೆ 1996ರಿಂದಲೇ ಇದನ್ನು ಉತ್ತರ ಸಮುದ್ರದಲ್ಲಿ ಬಳಸುತ್ತಿದೆ.

ತೆರಿಗೆಯಿಂದ ಹುಟ್ಟಿದ ಯೋಜನೆ

ಉತ್ತರ ಸಮುದ್ರದ ಸ್ಲೈಪ್ನರ್ ನಿಕ್ಷೇಪದ ನೈಸರ್ಗಿಕ ಅನಿಲದಲ್ಲಿ ಸುಮಾರು ಶೇ 9ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತಿತ್ತು. ಮಾರಾಟ ಮಾಡಬೇಕಾದರೆ ಅದನ್ನು ಶೇ 2.5ಕ್ಕಿಂತ ಕೆಳಗಿಳಿಸಬೇಕಿತ್ತು. ಬೇರ್ಪಡಿಸಿದ ಅನಿಲವನ್ನು ಗಾಳಿಗೆ ಬಿಡುವುದೇ ಅಂದಿನ ರೂಢಿ. ಆದರೆ ನಾರ್ವೆ ಸರ್ಕಾರ 1991ರಲ್ಲಿ ಇಂಗಾಲ ತೆರಿಗೆ ಜಾರಿಗೆ ತಂದಿತ್ತು. ಹೀಗಾಗಿ, ಈಗ ಈಕ್ವಿನಾರ್ ಎಂದು ಹೆಸರು ಬದಲಿಸಿಕೊಂಡಿರುವ ಸ್ಟಾಟ್‌ಆಯಿಲ್ ಕಂಪನಿ ಅನಿಲವನ್ನು ಹೂಳುವ ದಾರಿ ಹಿಡಿಯಿತು.

ಸಮುದ್ರತಳದಿಂದ ಸುಮಾರು 800ರಿಂದ 1,000 ಮೀಟರ್ ಕೆಳಗೆ ಉಪ್ಪುನೀರು ತುಂಬಿದ ಮರಳುಗಲ್ಲಿನ ಪದರವಿದೆ. ವರ್ಷಕ್ಕೆ ಸುಮಾರು 10 ಲಕ್ಷ ಟನ್‌ನಂತೆ ಅನಿಲವನ್ನು ಒತ್ತಡದಲ್ಲಿ ಅಲ್ಲಿಗೆ ಇಳಿಸಲಾಯಿತು. ಅದರ ಮೇಲಿರುವ ಜೇಡಿಶಿಲೆ ಮುಚ್ಚಳದಂತೆ ಅನಿಲವನ್ನು ತಡೆದಿಟ್ಟಿದೆ.

ಹಿಡಿಯುವ ಬಗೆ

ಹೊಗೆಯನ್ನು ಅಮೀನ್ ಎಂಬ ರಾಸಾಯನಿಕ ದ್ರಾವಣದ ಮೂಲಕ ಹಾಯಿಸಲಾಗುತ್ತದೆ. ದ್ರಾವಣವು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಬಳಿಕ ದ್ರಾವಣವನ್ನು ಕಾಯಿಸಿದಾಗ ಅನಿಲ ಬಿಡುಗಡೆಯಾಗುತ್ತದೆ. ಅದನ್ನು ಸಂಕುಚಿಸಿ ಕೊಳವೆ ಅಥವಾ ಹಡಗಿನಲ್ಲಿ ಸಾಗಿಸಲಾಗುತ್ತದೆ. ತೊಡಕಿರುವುದು ಕಾಯಿಸುವ ಹಂತದಲ್ಲಿ. ಈ ವ್ಯವಸ್ಥೆ ಅಳವಡಿಸಿದ ವಿದ್ಯುತ್ ಸ್ಥಾವರಕ್ಕೆ ಶೇ 10ರಿಂದ 40ರಷ್ಟು ಹೆಚ್ಚುವರಿ ಇಂಧನ ಬೇಕಾಗುತ್ತದೆ ಎಂದು ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯು (ಐಪಿಸಿಸಿ) 2005ರ ವಿಶೇಷ ವರದಿಯಲ್ಲಿ ಅಂದಾಜು ಮಾಡಿತ್ತು.

ಕಲ್ಲಿದ್ದಲಿನ ಅನುಭವ

ಕೆನಡಾದ ಬೌಂಡರಿ ಡ್ಯಾಮ್ ಕಲ್ಲಿದ್ದಲು ಸ್ಥಾವರದಲ್ಲಿ 2014ರಲ್ಲಿ ಇಂಗಾಲ ಸೆರೆ ಆರಂಭವಾಯಿತು. ವರ್ಷಕ್ಕೆ 10 ಲಕ್ಷ ಟನ್ ಹಿಡಿಯುವ ಗುರಿಯನ್ನು ಅದು ತಲುಪಲಾಗಲಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ 2017ರಲ್ಲಿ ಆರಂಭವಾದ ಪೆಟ್ರಾ ನೋವಾ ಘಟಕ, ತೈಲ ಬೆಲೆ ಕುಸಿದಾಗ 2020ರಲ್ಲಿ ಬಾಗಿಲು ಮುಚ್ಚಿ 2023ರಲ್ಲಿ ಮತ್ತೆ ತೆರೆಯಿತು. ಎರಡೂ ಕಡೆ ಹಿಡಿದ ಅನಿಲದ ಮುಖ್ಯ ಬಳಕೆ ಹಳೆಯ ಬಾವಿಗಳಿಂದ ಇನ್ನಷ್ಟು ತೈಲ ಹೊರತೆಗೆಯಲು. ಕಲ್ಲಿದ್ದಲು ಮತ್ತು ತೈಲದ ಆಯುಷ್ಯ ಹೆಚ್ಚಿಸುವ ನೆಪ ಇದು ಎಂಬ ಪರಿಸರವಾದಿಗಳ ಟೀಕೆಗೆ ಇದೇ ಆಧಾರ.

ಸಿಮೆಂಟ್‌ಗೆ ಬೇರೆ ದಾರಿ ಕಡಿಮೆ

ವಿದ್ಯುತ್ತಿಗಾದರೆ ಸೌರ, ಪವನ ಶಕ್ತಿಯ ಪರ್ಯಾಯವಿದೆ. ಸಿಮೆಂಟ್‌ನ ಪರಿಸ್ಥಿತಿ ಭಿನ್ನ. ಅದರ ತಯಾರಿಕೆಯಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 60ರಷ್ಟು ಸುಣ್ಣದಕಲ್ಲಿನಿಂದಲೇ ಬರುತ್ತದೆ. ಕುಲುಮೆಗೆ ಯಾವ ಇಂಧನ ಬಳಸಿದರೂ ಆ ಪಾಲು ತಪ್ಪದು.

ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯಲ್ಲಿ 2025ರಲ್ಲಿ ಉದ್ಘಾಟನೆಯಾದ ಘಟಕ ವರ್ಷಕ್ಕೆ 4 ಲಕ್ಷ ಟನ್, ಅಂದರೆ ಕಾರ್ಖಾನೆಯ ಒಟ್ಟು ಹೊರಸೂಸುವಿಕೆಯ ಸುಮಾರು ಅರ್ಧದಷ್ಟನ್ನು ಹಿಡಿಯುವ ಸಾಮರ್ಥ್ಯ ಹೊಂದಿದೆ. ಆ ಅನಿಲವನ್ನು ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಒಯ್ದು, ಕೊಳವೆಯ ಮೂಲಕ ಸಮುದ್ರತಳದಿಂದ 2,600 ಮೀಟರ್ ಕೆಳಗೆ ಇಳಿಸಲಾಗುತ್ತದೆ. ವೆಚ್ಚದ ದೊಡ್ಡ ಪಾಲನ್ನು ಸರ್ಕಾರವೇ ಭರಿಸಿದೆ.

ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿರುವ ಕಲಬುರಗಿ ಜಿಲ್ಲೆಗೂ ಇದು ದೂರದ ವಿಷಯವಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ 2022ರಲ್ಲಿ ಇಂಗಾಲ ಸೆರೆ ಮತ್ತು ಬಳಕೆಯ ರಾಷ್ಟ್ರೀಯ ಕೇಂದ್ರವೊಂದು ಮಂಜೂರಾಗಿದೆ.

ಲೆಕ್ಕದ ಮಾತು

ಕಲ್ಲಿದ್ದಲು, ತೈಲ, ಅನಿಲಗಳಿಂದ ಜಗತ್ತು ವರ್ಷಕ್ಕೆ 3,700 ಕೋಟಿ ಟನ್ನಿನ ಆಸುಪಾಸಿನಲ್ಲಿ ಇಂಗಾಲದ ಡೈಆಕ್ಸೈಡ್ ಹೊರಸೂಸುತ್ತಿದೆ. ಈಗಿರುವ ಎಲ್ಲ ಸೆರೆ ಘಟಕಗಳ ಒಟ್ಟು ಸಾಮರ್ಥ್ಯ ಸುಮಾರು 5 ಕೋಟಿ ಟನ್. ಅಂದರೆ 700 ಟನ್‌ಗೆ ಒಂದು ಟನ್ ಮಾತ್ರ. ಆದ್ದರಿಂದ ಇಂಧನ ಉರಿಸುವುದನ್ನು ಕಡಿಮೆ ಮಾಡುವ ಕೆಲಸಕ್ಕೆ ಇದು ಪರ್ಯಾಯವಾಗಲಾರದು. ಬೇರೆ ಉಪಾಯವಿಲ್ಲದ ಉದ್ಯಮಗಳಿಗೆ ಮಾತ್ರ ಇದು ಆಸರೆಯಾಗಬಲ್ಲದು. ಅಲ್ಲಿಯೂ ಹೊಗೆಗೆ ಬೆಲೆ ಕಟ್ಟುವ ಕಾನೂನು ಇದ್ದರಷ್ಟೇ ಉದ್ಯಮಗಳು ಮುಂದೆ ಬರುತ್ತವೆ ಎಂಬುದನ್ನು ನಾರ್ವೆಯ ಅನುಭವ ತೋರಿಸಿದೆ.