ಮಹಾಮಾರಿಯ ಬೆನ್ನಿಗೆ ಬಂದ ಗಾಳಿಮಾತು

‘ವದಂತಿ’ ಎಂಬುದು ಸಂಸ್ಕೃತದ ‘ವದ್’ ಧಾತುವಿನಿಂದ ಬಂದ ಮಾತು. ಕ್ರಿಯಾಪದವಾಗಿ ಅದಕ್ಕೆ ‘ಹೇಳುತ್ತಾರೆ’ ಎಂದಷ್ಟೇ ಅರ್ಥ. ಹೇಳುವವರು ಯಾರು ಎಂಬ ಪ್ರಶ್ನೆಗೆ ಆ ಪದದಲ್ಲಿ ಉತ್ತರವಿಲ್ಲ. ನಮ್ಮ ಕನ್ನಡವು ಇದೇ ಕೆಲಸವನ್ನು ‘ಅಂತೆ’ ಎಂಬ ಎರಡಕ್ಷರದಲ್ಲಿ ಮುಗಿಸುತ್ತದೆ. ‘ಕೆರೆ ಒಡೆಯಿತು’ ಎಂದವನು ತನ್ನ ಮಾತಿಗೆ ಹೊಣೆಗಾರನಾಗುತ್ತಾನೆ. ‘ಕೆರೆ ಒಡೆಯಿತಂತೆ’ ಎಂದವನಿಗೆ ಯಾವ ಹೊಣೆಯೂ ಇಲ್ಲ. ನೆರೆ, ಭೂಕಂಪ, ಸಾಂಕ್ರಾಮಿಕ ರೋಗ ಮೊದಲಾದ ಉತ್ಪಾತಗಳು ಒದಗಿದಾಗ ಈ ಅಂತೆಕಂತೆಗಳ ಸಂತೆ ನೆರೆಯುವುದು ಹೊಸದಲ್ಲ. ಇಂದು ಅಂಗೈಯಲ್ಲಿರುವ ಮೊಬೈಲು ಅದಕ್ಕೆ ವೇಗವನ್ನು ಕೊಟ್ಟಿದೆಯೇ ಹೊರತು ಹುಟ್ಟನ್ನು ಕೊಟ್ಟಿಲ್ಲ. ಇದನ್ನು ಅರಿಯಲು ಬೆಂಗಳೂರು ದಂಡಿನ ಚರಿತ್ರೆಯ ಒಂದು ಪುಟವನ್ನು ತಿರುವಿದರೆ ಸಾಕು.

ಹಲಸೂರಿಗೆ ಅಂಟಿಕೊಂಡಂತೆ ಮರ್ಫಿ ಟೌನ್ ಎಂಬ ಬಡಾವಣೆ ಇದೆ. ಇದರ ಹಳೆಯ ಹೆಸರು ನಾಕ್ಸ್‌ಪೇಟೆ. ದಂಡಿನ ಕೂಲಿ ಕೆಲಸವನ್ನೆಲ್ಲ ಹೊತ್ತ ಬಡಜನರ ವಸತಿಯಾಗಿದ್ದ ಈ ಪೇಟೆ, ಮರ್ಫಿ ಎಂಬ ಎಂಜಿನಿಯರರ ಯೋಜನೆಯಂತೆ ಅಲ್ಲಿ ಮಾದರಿ ಮನೆಗಳು ಎದ್ದ ಮೇಲೆ ಅವರ ಹೆಸರನ್ನು ಪಡೆಯಿತು. ಅನತಿದೂರದ ಫ್ರೇಜರ್ ಟೌನಿಗೆ 1906ರಲ್ಲಿ ತಳಹದಿ ಬಿತ್ತು. ಇಲಿ ನುಸುಳದಂಥ ಮನೆಗಳನ್ನು ಕಟ್ಟಬೇಕೆಂಬುದು ಅಲ್ಲಿಯ ಸಂಕಲ್ಪ. ದಂಡಿನ ಬಡಾವಣೆಗಳು ನೇರವಾದ ಬೀದಿಗಳಲ್ಲಿ ಗಾಳಿ ಬೆಳಕು ಬರುವಂತೆ ಬೆಳೆದುದರ ಹಿಂದೆ 1898ರ ಪ್ಲೇಗಿನ ಭಯವಿದೆ. ಅಂದು ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದ ಇಕ್ಕಟ್ಟಿನ ಓಣಿಗಳು ಆ ವರ್ಷ ಕಂಡದ್ದನ್ನು ಆಡಳಿತಗಾರರು ಬಹುಕಾಲ ಮರೆಯಲಿಲ್ಲ.

1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ಹುಬ್ಬಳ್ಳಿಯ ಮಾರ್ಗವಾಗಿ, ರೈಲುದಾರಿಯಲ್ಲಿ, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಆಗ ಪೇಟೆಯು ಮೈಸೂರು ಸರಕಾರದ ಆಡಳಿತದಲ್ಲಿತ್ತು, ದಂಡು ಬ್ರಿಟಿಷರ ಕೈಯಲ್ಲಿತ್ತು. ರೋಗಕ್ಕೆ ಈ ಗಡಿ ತಿಳಿಯದು. ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನಾದರೂ, ಅದು ಮನುಷ್ಯನನ್ನು ಸೇರುವ ಬಗೆ ತಿಳಿದಿರಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ಅದನ್ನು ಒಯ್ಯುತ್ತದೆಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ಅದೇ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರೂ ವೈದ್ಯಲೋಕ ಅದನ್ನು ಒಪ್ಪಲು ಹಲವು ವರ್ಷಗಳೇ ಹಿಡಿದವು. ಆದುದರಿಂದ ಅಧಿಕಾರಿಗಳು ನೆಲ, ಕೊಳಕು, ಬಟ್ಟೆ, ಧಾನ್ಯ ಎಲ್ಲವನ್ನೂ ಶಂಕಿಸಿದರು. ಬಾಧಿತ ಊರುಗಳಲ್ಲಿ ಮನೆಗಳ ಹೆಂಚು ತೆಗೆಸಿದರು, ಸಾಮಾನು ಸುಡಿಸಿದರು, ರೋಗಿಯನ್ನು ಒಂದು ಕಡೆಗೂ ಮನೆಯವರನ್ನು ಇನ್ನೊಂದು ಶಿಬಿರಕ್ಕೂ ಸಾಗಿಸಿದರು. ಗೆಡ್ಡೆ ಎದ್ದಿದೆಯೇ ಎಂದು ರೈಲಿನ ಪ್ರಯಾಣಿಕರ ಕಂಕುಳು ತೊಡೆಸಂದುಗಳನ್ನು, ಹೆಂಗಸರೆನ್ನದೆ, ತಡವಿ ನೋಡಿದರು.

ಇಂಥ ಹೊತ್ತಿನಲ್ಲಿ ಗಾಳಿಮಾತು ಹುಟ್ಟದಿದ್ದರೆ ಅದು ಆಶ್ಚರ್ಯ. ಆಸ್ಪತ್ರೆಯಲ್ಲಿ ರೋಗಿಗಳನ್ನು ಕೊಂದು ಅವರ ದೇಹದಿಂದ ಎಣ್ಣೆ ತೆಗೆಯುತ್ತಾರಂತೆ ಎಂಬ ಮಾತು ಮುಂಬಯಿ ಪ್ರಾಂತದಲ್ಲಿ ಹಬ್ಬಿತು. ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಯಾರೋ ಡಾಂಬರು ಬಳಿದದ್ದಕ್ಕೆ ಪ್ರತಿಯಾಗಿ ರಾಣಿಯು ಪ್ರಜೆಗಳ ಪಿತ್ತಕೋಶಗಳನ್ನು ಕೇಳಿದ್ದಾಳಂತೆ ಎಂದೂ ಜನ ಆಡಿಕೊಂಡರು. ಪಂಜಾಬಿನಲ್ಲಿ, ಲಸಿಕೆಯ ಸೂಜಿ ಒಂದು ಗಜ ಉದ್ದವಂತೆ, ಚುಚ್ಚಿಸಿಕೊಂಡವರಿಗೆ ಮಕ್ಕಳಾಗುವುದಿಲ್ಲವಂತೆ ಎಂಬ ಸುದ್ದಿಗಳು ಓಡಾಡಿದವು. ನಮ್ಮ ಸೀಮೆಯಲ್ಲಿಯೂ ಜನ ರೋಗಿಗಳನ್ನು ಬಚ್ಚಿಟ್ಟರು. ಸತ್ತವರನ್ನು ಸದ್ದಿಲ್ಲದೆ ಹೂಳಿದರು. 1898ರ ಕೊನೆಯ ತಿಂಗಳುಗಳಲ್ಲಿ ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮಿನಲ್ಲಿ ಪ್ಲೇಗಿನ ನಿಯಮಗಳ ವಿರುದ್ಧ ದಂಗೆಯೇ ಎದ್ದಿತು.

ಇದನ್ನೆಲ್ಲ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಪ್ರತಿಯೊಂದು ಗಾಳಿಮಾತಿನ ಬುಡದಲ್ಲಿಯೂ ಜನ ಕಣ್ಣಾರೆ ಕಂಡ ಒಂದು ಸಂಗತಿ ಇತ್ತೆಂಬುದನ್ನು ಗಮನಿಸಬೇಕು. ಗೆಡ್ಡೆ ಎದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು; ಬಚ್ಚಿಟ್ಟು ಕಡೆಗಾಲದಲ್ಲಿ ಸಾಗಿಸಿದ ರೋಗಿ ಮರಳಿ ಬರುತ್ತಿರಲಿಲ್ಲ. ಹೋದವರು ಬರುವುದಿಲ್ಲ ಎಂಬುದು ನಿಜ. ಆದ್ದರಿಂದ ಅಲ್ಲಿ ಕೊಲ್ಲುತ್ತಾರೆ ಎಂಬುದು ಊಹೆ. ಹಾಫ್ಕಿನ್ 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿ ಮೊದಲು ತನಗೇ ಚುಚ್ಚಿಕೊಂಡ ಲಸಿಕೆಯಿಂದ ಜ್ವರ ಬರುತ್ತಿದ್ದುದೂ ನಿಜ. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ಕಲುಷಿತವಾದ ಒಂದು ಸೀಸೆಯ ಲಸಿಕೆಯಿಂದ 19 ಮಂದಿ ಧನುರ್ವಾಯು ತಗಲಿ ಸತ್ತಾಗ ಗಾಳಿಮಾತಿಗೆ ಸಾಕ್ಷಿಯೇ ದೊರೆತಂತಾಯಿತು. ಇನ್ನು, ಏಕೆ ಹೆಂಚು ತೆಗೆಯುತ್ತೀರಿ, ಏಕೆ ತಾಯಿಯಿಂದ ಮಗನನ್ನು ಅಗಲಿಸುತ್ತೀರಿ ಎಂದರೆ ವಿವರಿಸಿ ಹೇಳುವ ವ್ಯವಧಾನ ಆಡಳಿತಕ್ಕಿರಲಿಲ್ಲ. ತಿಳಿದವರು ಬಾಯಿ ಮುಚ್ಚಿ ಕೈ ಮಾಡಿದಾಗ ತಿಳಿಯದವರು ಬಾಯಿ ತೆರೆಯುತ್ತಾರೆ. ಕಡೆಗೆ ಬಲವಂತದಿಂದ ಕೆಲಸ ಕೆಡುವುದೆಂದು ಕಂಡು ಸರಕಾರ ಅದನ್ನು ಸಡಿಲಿಸಿತು. ಜನ ತಾವಾಗಿಯೇ ಊರ ಹೊರಗೆ ಗುಡಿಸಲು ಹಾಕಿಕೊಂಡು ಹೋಗುವುದು ವಾಡಿಕೆಯಾಯಿತು. ಪ್ಲೇಗಿನ ಅಮ್ಮನ ಗುಡಿಗಳೂ ಎದ್ದವು.

ಕಾರಣ ಕಾಣದ ಸಾವಿಗೆ ಕಾರಣವೊಂದನ್ನು ಹೊಂದಿಸಿಕೊಳ್ಳುವ ಈ ತವಕವನ್ನು ನಮ್ಮ ಸಾಹಿತ್ಯವೂ ಬಲ್ಲದು. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಇಲಿಗಳು ಸತ್ತು ಬೀಳುತ್ತವೆ, ಹದ್ದುಗಳು ಬಂದು ಕೂರುತ್ತವೆ, ಅಗ್ರಹಾರದವರಿಗೆ ಅದರಲ್ಲಿ ಪ್ಲೇಗು ಕಾಣಿಸುವುದಿಲ್ಲ, ಸಂಸ್ಕಾರವಾಗದ ಹೆಣದ ಶಾಪ ಕಾಣಿಸುತ್ತದೆ.

1934ರ ಜನವರಿಯ ಬಿಹಾರದ ಭೂಕಂಪದ ತರುವಾಯ ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿಯ ವದಂತಿಗಳನ್ನು ಕಲೆಹಾಕಿ ಮರುವರ್ಷ ಪ್ರಬಂಧವನ್ನು ಪ್ರಕಟಿಸಿದರು. ಅವರು ಸಂಗ್ರಹಿಸಿದ್ದು ನಡುಕವನ್ನು ಅನುಭವಿಸಿಯೂ ಹಾನಿಗೊಳಗಾಗದ ಊರುಗಳ ವದಂತಿಗಳನ್ನು. ಇನ್ನೂ ದೊಡ್ಡ ಕಂಪ ಬರಲಿದೆ, ಪ್ರಳಯವಾಗಲಿದೆ ಎಂಬ ಮಾತುಗಳು ಅಲ್ಲಿ ಹರಡಿದ್ದವು. 1950ರ ದಾರ್ಜಿಲಿಂಗ್ ಭೂಕುಸಿತದಲ್ಲಿ ನಿಜವಾಗಿ ನೊಂದವರ ನಡುವೆ ಅಧ್ಯಯನ ನಡೆಸಿದ ದುರ್ಗಾನಂದ ಸಿನ್ಹಾ ಅವರಿಗೆ ಅಂಥ ಭವಿಷ್ಯವಾಣಿಗಳು ಕಾಣಲಿಲ್ಲ. ಫೆಸ್ಟಿಂಗರ್ ಎಂಬ ಅಮೆರಿಕದ ವಿದ್ವಾಂಸರು ಇವೆರಡನ್ನೂ ಎದುರುಬದುರಾಗಿ ಇಟ್ಟು ನೋಡಿದರು. ಮನೆ ಬಿದ್ದವನಿಗೆ ತನ್ನ ಭಯದ ಕಾರಣ ಕಣ್ಣೆದುರಿಗೇ ಇದೆ. ಮನೆ ನಿಂತಿರುವವನು ಮಾತ್ರ ತನ್ನ ಭಯಕ್ಕೆ ತಕ್ಕ ಕಾರಣವನ್ನು ಹುಡುಕುತ್ತಾನೆ ಎಂದು ಅವರು ವಿವರಿಸಿದರು. ಈ ಮಾತು ಸುರಕ್ಷಿತವಾದ ಪಟ್ಟಣಗಳಲ್ಲಿ ಕುಳಿತು ಸಂದೇಶಗಳನ್ನು ದಾಟಿಸುವ ನಮಗೇ ಹೇಳಿದಂತಿದೆ.

ವದಂತಿಯು ಯಾವಾಗಲೂ ಬೀದಿಯಿಂದಲೇ ಬರುವುದೆಂದೂ ತಿಳಿಯಬಾರದು. 2004ರ ಡಿಸೆಂಬರ್ 26ರ ಸುನಾಮಿಯಾದ ನಾಲ್ಕು ದಿನಕ್ಕೆ, ಅಮೆರಿಕದ ಒಂದು ಖಾಸಗಿ ಸಂಸ್ಥೆಯ ಮಾತನ್ನು ನಂಬಿ ಕೇಂದ್ರ ಗೃಹ ಖಾತೆಯೇ ಮತ್ತೊಂದು ಸುನಾಮಿಯ ಎಚ್ಚರಿಕೆ ಕೊಟ್ಟಿತು. ಕರಾವಳಿಯ ಜನ ಕಂಗೆಟ್ಟು ಓಡಿದರು. ಪರಿಹಾರದ ಕೆಲಸ ನಿಂತಿತು. ಅದೇ ದಿನ ಸರಕಾರದ ಮಂತ್ರಿಯೇ ಆ ಭವಿಷ್ಯವನ್ನು ಅಲ್ಲಗಳೆಯಬೇಕಾಯಿತು.

ಒಂದು ಉತ್ಪಾತದ ಚಿತ್ರ ಇನ್ನೊಂದೆಡೆಯ ದ್ವೇಷಕ್ಕೆ ಕಟ್ಟಿಗೆಯಾಗುವುದನ್ನೂ ನಾವು ಕಂಡಿದ್ದೇವೆ. 2010ರಲ್ಲಿ ಟಿಬೆಟಿನವರು ವಾಸಿಸುವ ಯುಷು ಪ್ರದೇಶದಲ್ಲಿ ಭೂಕಂಪವಾದಾಗ ಬೌದ್ಧ ಭಿಕ್ಷುಗಳು ಶವಗಳ ಸಂಸ್ಕಾರಕ್ಕೆ ನಿಂತ ಚಿತ್ರವೊಂದನ್ನು, 2012ರಲ್ಲಿ, ಬರ್ಮಾದ ಮುಸ್ಲಿಮರ ಹತ್ಯಾಕಾಂಡವೆಂದು ಹಂಚಲಾಯಿತು. ಅಸ್ಸಾಮಿನ ಕೊಕ್ರಝಾರಿನಲ್ಲಿ ಹಿಂಸೆ ಭುಗಿಲೆದ್ದಿದ್ದ ಆ ದಿನಗಳಲ್ಲಿಯೇ, ರಂಜಾನ್ ಮುಗಿದೊಡನೆ ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯದವರ ಮೇಲೆ ಹಲ್ಲೆಯಾಗುವುದಂತೆ ಎಂಬ ಸಂದೇಶಗಳು ಮೊಬೈಲುಗಳಲ್ಲಿ ಹರಿದವು. ಆಗಸ್ಟ್ 15ರಿಂದ ಸಾವಿರಾರು ಮಂದಿ, ಹೋಟೆಲಿನ ಹುಡುಗರು, ಕಾವಲುಗಾರರು, ವಿದ್ಯಾರ್ಥಿಗಳು, ಗಂಟುಮೂಟೆ ಹೊತ್ತು ಗುವಾಹಟಿಯ ರೈಲು ಹತ್ತಿದರು. ಸರಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಬಾರದೆಂದು ಕಟ್ಟು ಮಾಡಿತು. ನಗರದ ಮುಸ್ಲಿಂ ಮುಖಂಡರು ರೈಲು ನಿಲ್ದಾಣಕ್ಕೇ ಹೋಗಿ, ಹೋಗಬೇಡಿ, ನಾವಿದ್ದೇವೆ ಎಂದು ಕೇಳಿಕೊಂಡರು. ಕಟ್ಟುಪಾಡಿನಿಂದ ಸಂದೇಶಗಳನ್ನು ತಡೆಯಬಹುದು. ಭಯವನ್ನು ತಡೆಯುವುದು ಇಂಥ ಮುಖಾಮುಖಿ ಮಾತು.

1898ರಲ್ಲಿಯೂ 2012ರಲ್ಲಿಯೂ ಗಾಳಿಮಾತಿಗೆ ಬೆಲೆ ತೆತ್ತವರು ದಿನಗೂಲಿಯವರು, ದೂರದಿಂದ ಹೊಟ್ಟೆಪಾಡಿಗೆ ಬಂದವರು, ಅಧಿಕಾರಿಯ ಬಾಗಿಲಿಗೆ ಹೋಗಿ ನಿಜವನ್ನು ಕೇಳಲಾರದವರು. ಆದ್ದರಿಂದ ಆಳುವವರ ಕರ್ತವ್ಯವು ದಂಡನೆಯೊಂದರಲ್ಲಿಯೇ ಮುಗಿಯುವುದಿಲ್ಲ. ತಿಳಿದದ್ದನ್ನು ಬೇಗ ಹೇಳಬೇಕು, ತಿಳಿಯದ್ದನ್ನು ತಿಳಿಯದೆಂದೇ ಹೇಳಬೇಕು, ಅದನ್ನೂ ಆ ಬೀದಿಯ ಜನ ನಂಬುವವರ ಬಾಯಿಂದ ಹೇಳಿಸಬೇಕು. ಓದು ಬಲ್ಲ ನಮ್ಮ ಕರ್ತವ್ಯ ಇನ್ನೂ ಚಿಕ್ಕದು. ಬಂದ ಸುದ್ದಿಯನ್ನು ಮುಂದಕ್ಕೆ ದಾಟಿಸುವ ಮುನ್ನ, ಇದನ್ನು ಕಂಡವರು ಯಾರು ಎಂದು ಒಮ್ಮೆ ಕೇಳಿಕೊಳ್ಳಬೇಕು. ಹೆಸರು ದೊರೆಯದಿದ್ದರೆ ಆ ಮಾತು ನಮ್ಮಲ್ಲಿಗೇ ನಿಲ್ಲಲಿ.