ನೋವು ಹೋದ್ಮೇಲೆ ಬರ್ತೀನಿ

ಸೊಂಟನೋವು ಶುರುವಾಗಿ ಮೂರು ವರ್ಷ. ಎಂಆರ್‌ಐ ಆಯ್ತು, ಫಿಸಿಯೋ ಆಯ್ತು, ಆಫೀಸಿನ ಕುರ್ಚಿ ಬದಲಾಯಿಸಿದ್ದೂ ಆಯ್ತು. ಕೊನೆಗೆ ಸೈಕಾಲಜಿಸ್ಟ್ ಒಬ್ಬರು “ನೋವನ್ನ ಒಪ್ಕೊಂಡು ನೋಡಿ” ಅಂದಾಗ ಮೈಯೆಲ್ಲ ಉರೀತು. ನಮ್ಮಲ್ಲಿ ಒಪ್ಕೊಳ್ಳೋದು ಅಂದ್ರೆ ತಪ್ಪನ್ನ, ಇಲ್ಲಾ ಸೋಲನ್ನ ತಾನೇ? ಈ ಮಾತು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಮೊದಲು ಸಿಕ್ಕಿದ್ದು ಒಬ್ಬ ಕುಸ್ತಿಪಟು!

ಜಾನ್ ಬೊನಿಕಾ ಇಟಲಿಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಕುಸ್ತಿಯಾಡಿ ಓದಿನ ಖರ್ಚು ಹೊಂದಿಸಿಕೊಂಡು ಅರಿವಳಿಕೆ ವೈದ್ಯರಾದವರು. ಅಖಾಡದ ಪೆಟ್ಟುಗಳ ನೋವು ಅವರನ್ನು ಜೀವನಪೂರ್ತಿ ಕಾಡಿತು. ಎರಡನೇ ಮಹಾಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಕೊಡುವಾಗ ಅವರಿಗೆ ಒಂದು ವಿಷಯ ಮನವರಿಕೆಯಾಯಿತು: ಬಿಡದೆ ಕಾಡುವ ನೋವು ಒಬ್ಬ ಡಾಕ್ಟರ ಕೈಲಿ ಬಗೆಹರಿಯೋದಲ್ಲ. ಹಾಗಾಗಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ಬೇರೆ ಬೇರೆ ತಜ್ಞರು ಒಟ್ಟಿಗೆ ಕೂತು ರೋಗಿಯನ್ನು ನೋಡುವ ಪೇನ್ ಕ್ಲಿನಿಕ್ ಕಟ್ಟಿದರು.

ಅಲ್ಲೇ ಇದ್ದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಪ್ರಶ್ನೆಯನ್ನೇ ತಿರುಗಿಸಿದರು. ಎಷ್ಟು ನೋಯುತ್ತೆ ಅನ್ನೋದಕ್ಕಿಂತ, ನೋವಿಗೆ ಹೆದರಿ ಏನೇನು ಬಿಟ್ಟಿದ್ದೀರಿ ಅನ್ನೋದು ಅವರಿಗೆ ಮುಖ್ಯವಾಯಿತು. ಮಾತ್ರೆ ತಗೊಳ್ಳೋದು ನೋವು ನೋಡಿಕೊಂಡಲ್ಲ, ಗಡಿಯಾರ ನೋಡಿಕೊಂಡು. ನಡೆಯೋದು ನೋಯುವವರೆಗಲ್ಲ, ಮೊದಲೇ ಗೊತ್ತು ಮಾಡಿಕೊಂಡಷ್ಟು. 1976ರಲ್ಲಿ ಅವರ ಪುಸ್ತಕ ಬಂತು.

ನಡವಳಿಕೆಯೇನೋ ಬದಲಾಗುತ್ತೆ. ಆದರೆ ತಲೆಯೊಳಗೆ ಓಡುವ “ನನ್ನ ಕಥೆ ಮುಗೀತು” ಅನ್ನೋ ಮಾತಿಗೇನು ಮಾಡೋದು? 1979ರಲ್ಲಿ ಜಾನ್ ಕಬಾಟ್-ಜಿನ್ ಮ್ಯಾಸಚೂಸೆಟ್ಸ್‌ನ ಮೆಡಿಕಲ್ ಕಾಲೇಜೊಂದರಲ್ಲಿ, ಔಷಧಿಗಳಿಂದ ಗುಣ ಕಾಣದವರಿಗೆ ಧ್ಯಾನ, ಯೋಗ ಹೇಳಿಕೊಡೋಕೆ ಶುರುಮಾಡಿದರು. ನೋವು ಒಂದು, ಅದರ ಬಗ್ಗೆ ಮನಸ್ಸು ಕಟ್ಟುವ ಕಥೆ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಗಮನಿಸಿ ಅನ್ನೋದು ಅವರ ಪಾಠ. 51 ರೋಗಿಗಳ ಜೊತೆಗಿನ ಅನುಭವವನ್ನು 1982ರಲ್ಲಿ ಪ್ರಕಟಿಸಿದರು.

ಇದೇ ಹೊತ್ತಿಗೆ ಸ್ಟೀವನ್ ಹೇಯ್ಸ್ ಮತ್ತು ಜೊತೆಗಾರರು ‘ಆ್ಯಕ್ಟ್’ ಅನ್ನೋ ಚಿಕಿತ್ಸೆ ರೂಪಿಸುತ್ತಿದ್ದರು: ಒಪ್ಪಿಕೊಳ್ಳಿ, ನಿಮಗೆ ಮುಖ್ಯವಾದದ್ದರ ಕಡೆ ಹೆಜ್ಜೆ ಹಾಕಿ. 1998ರಲ್ಲಿ ಲ್ಯಾನ್ಸ್ ಮೆಕ್ರ್ಯಾಕನ್ 160 ಜನರನ್ನು ಅಧ್ಯಯನ ಮಾಡಿದಾಗ, ನೋವನ್ನು ಹೆಚ್ಚು ಒಪ್ಪಿಕೊಂಡವರಲ್ಲಿ ಖಿನ್ನತೆ ಕಡಿಮೆ, ಚಟುವಟಿಕೆ ಜಾಸ್ತಿ ಕಂಡಿತು. ನೋವಿನ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದರೂ ಈ ನಂಟು ಉಳಿಯಿತು. 2021ರಲ್ಲಿ ಬ್ರಿಟನ್ನಿನ ‘ನೈಸ್’ ಸಂಸ್ಥೆ, ಸ್ಪಷ್ಟ ಕಾರಣ ಸಿಗದ ದೀರ್ಘಕಾಲದ ನೋವಿಗೆ ಈ ಚಿಕಿತ್ಸೆಯನ್ನೂ ಪರಿಗಣಿಸಿ ಅಂತ ವೈದ್ಯರಿಗೆ ಸೂಚಿಸಿತು.

ಹಾಗಂತ ನೋವು ಬರೀ ಭ್ರಮೆ ಅಂತಲ್ಲ, ತಪಾಸಣೆ ಬೇಡ ಅಂತಲೂ ಅಲ್ಲ. ಇಷ್ಟನ್ನೆಲ್ಲ ಓದಿ ನನಗೆ ನೆನಪಾಗಿದ್ದು ಶಿವಮೊಗ್ಗದ ಅಜ್ಜಿ. ಫೋನಿನಲ್ಲಿ ಪ್ರತಿ ಸಲ “ನೋವು ಹೋದ್ಮೇಲೆ ಬರ್ತೀನಿ ಅಜ್ಜಿ” ಅಂತಿದ್ದೆ. ಮೂರು ವರ್ಷ ಅದನ್ನೇ ಹೇಳಿದ್ದೆ. ಅಜ್ಜಿಗೀಗ ಎಂಬತ್ತೆಂಟು.

ಹೋದ ತಿಂಗಳು ರೈಲು ಹತ್ತಿದೆ. ಅರಸೀಕೆರೆ ದಾಟೋ ಹೊತ್ತಿಗೆ ಸೊಂಟ ಹಿಡೀತು. ಎದ್ದು ಬಾಗಿಲ ಹತ್ರ ನಿಂತೆ, ಮತ್ತೆ ಬಂದು ಕೂತೆ. ನೋವು ನನ್ನ ಜೊತೆಗೇ ಇಳೀತು. ಅಜ್ಜಿ ಬಾಗಿಲಲ್ಲೇ ಕಾಯ್ತಿದ್ರು.