ಮುಕ್ತ ಕ್ವಾಂಟಂ ವ್ಯವಸ್ಥೆಗಳಲ್ಲಿ ಸ್ಮೃತಿ ಮತ್ತು ಮಾಹಿತಿ ಪ್ರವಾಹ

ಸುತ್ತಲಿನ ಪರಿಸರದೊಡನೆ ಶಕ್ತಿಯನ್ನೋ ಮಾಹಿತಿಯನ್ನೋ ಹಂಚಿಕೊಳ್ಳುವ ಪರಮಾಣು, ಫೋಟಾನ್, ಕ್ಯೂಬಿಟ್ ಮೊದಲಾದವು ಮುಕ್ತ ಕ್ವಾಂಟಂ ವ್ಯವಸ್ಥೆಗಳು. ಪರಿಸರಕ್ಕೆ ಸೋರಿದ ಮಾಹಿತಿ ಮರಳದಿದ್ದರೆ ಅಂಥ ವಿಕಾಸವನ್ನು ಮಾರ್ಕೋವ್ ಬಗೆಯದೆಂದೂ, ಅದರಲ್ಲೊಂದು ಪಾಲು ಹಿಂದಿರುಗಿದರೆ ಮಾರ್ಕೋವೇತರ, ಅಂದರೆ ಸ್ಮೃತಿಯುಳ್ಳದ್ದೆಂದೂ ಕರೆಯುತ್ತಾರೆ.

ಜೇವರ್ಗಿಯ ಎರೆಹೊಲ ಮಳೆಯ ಹಸಿಯನ್ನು ಹಿಡಿದಿಟ್ಟು, ಮಳೆ ನಿಂತ ಮೇಲೆ ಹಿಂಗಾರಿ ಜೋಳದ ಬೇರಿಗೆ ಉಣಿಸುತ್ತದೆ. ಮರಳುನೆಲದಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತದೆ. ಕ್ವಾಂಟಂ ಪರಿಸರದಲ್ಲೂ ಈ ಎರಡು ಬಗೆಗಳಿವೆ. ವ್ಯವಸ್ಥೆ ಬದಲಾಗುವುದಕ್ಕಿಂತ ಬಹುಬೇಗ ಪರಿಸರ ಸಮಸ್ಥಿತಿಗೆ ಮರಳಿದರೆ ಸ್ಮೃತಿ ಉಳಿಯದು. ಪರಿಸರ ನಿಧಾನವಾಗಿ ಮರಳಿದರೆ, ಅಥವಾ ಇವೆರಡರ ನಡುವಿನ ಬೆಸುಗೆ ಬಲವಾಗಿದ್ದರೆ, ಹಿಂದೆ ನಡೆದದ್ದು ಮುಂದಿನ ಸ್ಥಿತಿಯ ಮೇಲೆ ಪರಿಣಾಮ ಬೀರುತ್ತದೆ.

ಸ್ಮೃತಿರಹಿತ ವಿಕಾಸದ ಸಾಮಾನ್ಯ ಸಮೀಕರಣವನ್ನು 1976ರಲ್ಲಿ ಗೊರಿನಿ, ಕೊಸಕೊವ್‌ಸ್ಕಿ ಮತ್ತು ಭಾರತ ಸಂಜಾತ ಇ. ಸಿ. ಜಿ. ಸುದರ್ಶನ್ ಒಟ್ಟಾಗಿಯೂ, ಲಿಂಡ್‌ಬ್ಲಾಡ್ ಪ್ರತ್ಯೇಕವಾಗಿಯೂ ಪ್ರಕಟಿಸಿದರು. ಮಾಹಿತಿ ಮರಳುವುದನ್ನು ಅಳೆಯುವ ಒಂದು ವಿಧಾನವನ್ನು 2009ರಲ್ಲಿ ಬ್ರಾಯರ್, ಲೈನೆ ಮತ್ತು ಪೀಲೊ ಕೊಟ್ಟರು. ವ್ಯವಸ್ಥೆಯನ್ನು ಎರಡು ಬೇರೆ ಸ್ಥಿತಿಗಳಲ್ಲಿ ಸಿದ್ಧಪಡಿಸಿ, ಅವುಗಳ ನಡುವಿನ 'ಟ್ರೇಸ್ ಅಂತರ'ವನ್ನು ಕಾಲಕಾಲಕ್ಕೆ ಲೆಕ್ಕ ಹಾಕಬೇಕು. ಅಂತರ 1 ಇದ್ದರೆ ಸ್ಥಿತಿಗಳನ್ನು ತಪ್ಪದೆ ಗುರುತಿಸಬಹುದು. 0 ಆದರೆ ಕೇವಲ ಊಹೆ, ಗೆಲುವಿನ ಸಂಭವ ಶೇ. 50. ಮಾರ್ಕೋವ್ ವಿಕಾಸದಲ್ಲಿ ಈ ಅಂತರ ಎಂದೂ ಹೆಚ್ಚದು. 0.4ಕ್ಕೆ ಕುಗ್ಗಿದ್ದು 0.6ಕ್ಕೆ ಏರಿದರೆ, ಸರಿಯಾಗಿ ಗುರುತಿಸುವ ಗರಿಷ್ಠ ಸಂಭವ ಶೇ. 70ರಿಂದ 80ಕ್ಕೆ ಏರುತ್ತದೆ. ಕಳೆದುಹೋಯಿತೆಂದುಕೊಂಡ ಮಾಹಿತಿ ಮರಳಿದೆ ಎಂಬುದಕ್ಕೆ ಇದೇ ಪುರಾವೆ. 2011ರಲ್ಲಿ ಫೋಟಾನಿನ ಧ್ರುವೀಕರಣವನ್ನು ವ್ಯವಸ್ಥೆಯಾಗಿಯೂ ಅದೇ ಫೋಟಾನಿನ ಆವರ್ತಾಂಕಗಳ ಹರಹನ್ನು ಪರಿಸರವಾಗಿಯೂ ಬಳಸಿದ ಪ್ರಯೋಗ ಈ ಏರಿಕೆಯನ್ನು ತೋರಿಸಿತು.

ಈ ಚರ್ಚೆಗೆ ಕರ್ನಾಟಕದ ಕೊಡುಗೆ ಗಟ್ಟಿಯಾದದ್ದು. ಬೆಂಗಳೂರು ವಿಶ್ವವಿದ್ಯಾಲಯದ ಎ. ಆರ್. ಉಷಾದೇವಿ ಮತ್ತು ಕುವೆಂಪು ವಿಶ್ವವಿದ್ಯಾಲಯದ ಸುಧಾ, ಎ. ಕೆ. ರಾಜಗೋಪಾಲ್ ಅವರೊಡನೆ, ವ್ಯವಸ್ಥೆ-ಪರಿಸರಗಳ ನಡುವೆ ಆರಂಭದಲ್ಲೇ ಸಂಬಂಧವಿದ್ದರೆ ವಿಕಾಸ ಹೇಗಿರುತ್ತದೆಂದು 2011ರಲ್ಲಿ ವಿವೇಚಿಸಿದರು. ಬೆಂಗಳೂರಿನ ಪೂರ್ಣಪ್ರಜ್ಞ ವೈಜ್ಞಾನಿಕ ಸಂಶೋಧನಾ ಸಂಸ್ಥೆಯ ಶ್ರೀಕಾಂತ್ ಉಟಗಿ ಮತ್ತು ಆರ್. ಶ್ರೀಕಾಂತ್, ಸುಭಾಷಿಶ್ ಬ್ಯಾನರ್ಜಿಯವರೊಡನೆ 2020ರಲ್ಲಿ ಇನ್ನೂ ಬಿಗಿಯಾದ ಮಾನದಂಡವನ್ನು ಮುಂದಿಟ್ಟರು: ವಿಕಾಸದ ನಿಯಮ ತಾನು ಯಾವ ಗಳಿಗೆಯಲ್ಲಿ ಶುರುವಾದೆನೆಂಬುದನ್ನೂ ಮರೆತಿದ್ದರೆ ಮಾತ್ರ ಅದು ಸ್ಮೃತಿರಹಿತ. ಈ ಅರ್ಥದಲ್ಲಿ, ಮಾಹಿತಿ ಒಂದಿಷ್ಟೂ ಹಿಂದಿರುಗದ ವ್ಯವಸ್ಥೆಯಲ್ಲೂ ಸ್ಮೃತಿ ಇರಬಲ್ಲದು.